ಕಪ್ಪು ಮುಸುಕಿನ ದುರ್ಬೀನು

ನನ್ನ ಲಗ್ನ ಮುರಿದದ್ದು ಒಂದು ಆಟಿಕೆ ಸಾಮಾನಿನಿಂದ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಜಾತಕ ಕೂಡಲಿಲ್ಲ ಅಂದಿದ್ದರೆ, ಕೊಡುವ ತೆಗೆದುಕೊಳ್ಳುವ ಮಾತಿನಲ್ಲಿ ಮುರಿಯಿತು ಅಂದಿದ್ದರೆ, ಅದೇ ಜನ ಗಂಭೀರವಾಗಿ ತಲೆ ಅಲ್ಲಾಡಿಸುತ್ತಿದ್ದರು. ಪ್ಲಾಸ್ಟಿಕ್ಕಿನ ದುರ್ಬೀನಿನಿಂದ ಮುರಿಯಿತು ಅಂದರೆ ಮಾತ್ರ ಅದೊಂದು ತಮಾಷೆಯಾಗಿಬಿಡುತ್ತದೆ. ನನಗೆ ಇಷ್ಟು ವರ್ಷವಾದರೂ ಅದರಲ್ಲಿ ತಮಾಷೆ ಕಂಡಿಲ್ಲ.

ಅದು ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಅತನೂರಿನಲ್ಲಿ ಒಕ್ಕಲುತನದ ಮನೆ. ದಿನಾ ಬಸ್ಸಿನಲ್ಲಿ ಅಫಜಲಪುರಕ್ಕೆ ಹೋಗಿ ಬಂದು ನಾನು ಪಿಯುಸಿ ಮುಗಿಸಿದ್ದೆ. ಆಮೇಲೆ ಎರಡು ವರ್ಷ ಮನೆಯಲ್ಲಿ ಕೂತೆ. ಕೂತೆ ಅನ್ನುವುದು ಊರ ಜನರ ಮಾತು. ಮನೆಯಲ್ಲಿರುವ ಹೆಣ್ಣುಮಗಳು ಕೂತದ್ದನ್ನು ಯಾರು ನೋಡಿದ್ದಾರೋ ನನಗೆ ಗೊತ್ತಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ತೊಗರಿ ಹಸನು ಮಾಡುತ್ತಿದ್ದೆ, ಎಮ್ಮೆ ಕಟ್ಟುವ ಜಾಗ ಬಳಿಯುತ್ತಿದ್ದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಟಿ.ಸಿ.ಎಚ್. ಮಾಡಬೇಕು, ಶಾಲೆಯ ಮಾಸ್ತರಿಣಿ ಆಗಬೇಕು. ಅದಕ್ಕೆ ಗುಲಬರ್ಗಾದಲ್ಲಿ ಹಾಸ್ಟೆಲಿನಲ್ಲಿ ಇರಬೇಕಾಗುತ್ತಿತ್ತು. ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ.

"ಲಗ್ನ ಆಗದ ಹುಡುಗೀನ ಊರ ಬಿಟ್ಟು ಕಳಸಂಗಿಲ್ಲ. ಆಮ್ಯಾಲ ನಿನ್ನ ಗಂಡ ಓದಸ್ತೇನಿ ಅಂದ್ರ ಓದು, ನಾ ಯಾಕ ಬ್ಯಾಡ ಅನ್ಲಿ?"

ಹಾಗಾಗಿ ನನಗೆ ಲಗ್ನ ಬೇಕಾಗಿತ್ತು. ಸೀರೆ, ಬಂಗಾರಕ್ಕಲ್ಲ, ಗಂಡಿಗೂ ಅಲ್ಲ. ಹಾಸ್ಟೆಲಿನ ಬಾಗಿಲಿಗೆ ಕೀಲಿ ಅದೊಂದೇ ಆಗಿತ್ತು.

ಇನ್ನು ನನ್ನ ಕಣ್ಣಿನ ವಿಷಯ. ನನಗೆ ಎಡಗಣ್ಣಿನಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಇದು ನನಗೆ ಗೊತ್ತಿತ್ತು. ಇದೊಂದು ಕೊರತೆ ಅನ್ನುವುದು ಗೊತ್ತಿರಲಿಲ್ಲ. ನೋಡುವುದಕ್ಕೆ ಎರಡೂ ಕಣ್ಣು ಒಂದೇ ಥರ ಇದ್ದವು. ಓರೆ ಇಲ್ಲ, ಹೂ ಬಿದ್ದಿಲ್ಲ, ಎರಡಕ್ಕೂ ಅಷ್ಟೇ ಕಾಡಿಗೆ. ಆದರೆ ಬಲಗಣ್ಣು ಮುಚ್ಚಿಕೊಂಡರೆ ಎದುರಿನ ಮನುಷ್ಯ ಒಂದು ಬಣ್ಣದ ಕಲೆಯಾಗುತ್ತಿದ್ದ. ಚಿಕ್ಕವಳಿದ್ದಾಗ ಅವ್ವನನ್ನು ಕೇಳಿದ್ದೆ. "ಎಡಗೈಲೆ ಬರೀತಿಯೇನು? ಇಲ್ಲಲ್ಲ? ಎಡಗಣ್ಣೂ ಹಂಗ. ಎಲ್ಲಾರದೂ ಹಂಗ," ಅಂದಿದ್ದಳು. ನನಗೆ ಅದು ಸರಿ ಅನ್ನಿಸಿತ್ತು. ಬಲಗೈ ಕೆಲಸದ್ದು, ಎಡಗೈ ಆಸರೆಗೆ. ಬಲಗಣ್ಣು ನೋಡುವುದಕ್ಕೆ, ಎಡಗಣ್ಣು ಮುಖದ ಲಕ್ಷಣಕ್ಕೆ. ಇಪ್ಪತ್ತು ವರ್ಷ ಇದನ್ನು ನಂಬಿಕೊಂಡು ಬದುಕಿದೆ. ಹತ್ತನೆಯ ತರಗತಿಯಲ್ಲಿ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಒಳ್ಳೆಯ ಅಂಕ ತೆಗೆದುಕೊಂಡವಳು ನಾನು! ಆದರೂ ಅನುಮಾನ ಬರಲಿಲ್ಲ. ಪುಸ್ತಕದಲ್ಲಿ ಒಂದೇ ಕಣ್ಣಿನ ಚಿತ್ರ ಇರುತ್ತಿತ್ತು.

ಮನೆಗೆ ಯಾರಾದರೂ ಬಂದರೆ ಅವ್ವ ನನ್ನನ್ನು ಯಾವಾಗಲೂ ಒಂದೇ ರೀತಿ ಕೂಡಿಸುತ್ತಿದ್ದಳು. "ಎಡಕ ಗ್ವಾಡಿ ಹಿಡದು ಕೂಡು," ಅನ್ನುತ್ತಿದ್ದಳು. ಗೋಡೆ ಇಲ್ಲದ ಕಡೆ ತಾನೇ ನನ್ನ ಎಡಕ್ಕೆ ಕೂಡುತ್ತಿದ್ದಳು. ಚಹಾ ಬಗ್ಗಿಸುವಾಗ ಕಿಟ್ಲಿಯ ಮೂತಿ ಕಪ್ಪಿನ ಅಂಚಿಗೆ ತಾಗಿಸಿಯೇ ಬಗ್ಗಿಸಬೇಕು, ಇಲ್ಲದಿದ್ದರೆ ಚಹಾ ಸಾಸರಿಗೆ ಬೀಳುತ್ತಿತ್ತು. ಎಂಟನೆಯ ವಯಸ್ಸಿಗೇ ಸೂಜಿ ಪೋಣಿಸುವುದನ್ನು ಕಲಿಸಿದ್ದಳು. ನೋಡಿ ಪೋಣಿಸುವುದಲ್ಲ. ಸೂಜಿಯ ತೂತನ್ನು ಎಡಗೈ ಹೆಬ್ಬೆರಳಿನ ತುದಿಗೆ ಹಿಡಿದು, ಎಂಜಲು ಹಚ್ಚಿ ಚೂಪು ಮಾಡಿದ ದಾರವನ್ನು ಆ ಬೆರಳ ಮೇಲೆಯೇ ಜಾರಿಸಿ ಒಳಗೆ ತೂರಿಸುವುದು. ದಿನಾ ಸಂಜೆ ಹತ್ತು ಸಲ. ಅಕ್ಕನಿಗೆ ಹೀಗೆ ಯಾಕೆ ಕಲಿಸಲಿಲ್ಲ ಅಂತ ಕೇಳುವ ಬುದ್ಧಿ ನನಗೆ ಇರಲಿಲ್ಲ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನಾನು ಸೂಜಿ ಹಿಡಿಯುವ ಹೊತ್ತಿಗೆ ಅವಳು ಖಜೂರಿಗೆ ಸೊಸೆಯಾಗಿ ಹೋಗಿ ಆಗಿತ್ತು.

ಆ ಸೂಜಿಯ ಉಪಯೋಗ ನನ್ನನ್ನು ನೋಡಲು ಬಂದ ದಿನ ಗೊತ್ತಾಯಿತು. ನಮ್ಮ ಕಡೆ ಕನ್ಯಾ ನೋಡುವವರು ಹುಡುಗಿಯನ್ನು ನಡೆಸುತ್ತಾರೆ, ಓದಿಸುತ್ತಾರೆ, ಸೂಜಿ ಪೋಣಿಸಲು ಕೊಡುತ್ತಾರೆ. ಕಾಲು, ಬಾಯಿ, ಕಣ್ಣು, ಮೂರರದೂ ಪರೀಕ್ಷೆ. ಹುಡುಗ ಜೇವರ್ಗಿಯಲ್ಲಿ ಹೈಸ್ಕೂಲ್ ಮಾಸ್ತರ. ಅವನ ತಾಯಿ ತನ್ನ ಚೀಲದಿಂದಲೇ ಸೂಜಿ ತೆಗೆದು ಕೊಟ್ಟಳು, ಸಣ್ಣ ತೂತಿನದು. ನಾನು ಒಂದೇ ಸಲಕ್ಕೆ ಪೋಣಿಸಿ ಕೊಟ್ಟೆ.

"ಹುಡುಗಿ ಕಣ್ಣ ಭಾಳ ಚುರುಕ ಅವ ಬಿಡ್ರಿ," ಅಂದಳು ಆಕೆ. ಅವ್ವ ಸೆರಗು ಸರಿ ಮಾಡಿಕೊಂಡಳು.

ಹುಡುಗ ಒಂದೇ ಪ್ರಶ್ನೆ ಕೇಳಿದ. "ಮುಂದ ಓದಬೇಕಂತೀರೇನು?"

"ಹೌದ್ರಿ. ಟಿ.ಸಿ.ಎಚ್. ಮಾಡಬೇಕಂತೇನಿ."

"ಮಾಡ್ರಿ. ಲಗ್ನ ಆದ ಮ್ಯಾಲೂ ಮಾಡಬಹುದು. ನಾ ಬ್ಯಾಡ ಅನ್ನಂಗಿಲ್ಲ."

ಅವನ ಮುಖ ಈಗ ನನಗೆ ನೆನಪಿಲ್ಲ. ಆ ಮಾತು ನೆನಪಿದೆ. ಹತ್ತು ದಿನದಲ್ಲಿ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡಿದರು. ನಾನು ಹಳೆಯ ಪುಸ್ತಕಗಳ ಧೂಳು ಒರೆಸಿ ಒಂದು ಟ್ರಂಕಿಗೆ ತುಂಬಿದೆ. ಅವ್ವ ನೋಡಿ, "ಸೀರಿ ಇಡೂದ್ರಾಗ ಪುಸ್ತಕ ಇಟ್ಟಾಳ ನೋಡು ಹುಚ್ಚಿ," ಅಂತ ನಕ್ಕಳು. ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದೇ ಕಡಿಮೆ.

ಒಂದು ತಿಂಗಳ ಮೇಲೆ ಗಂಡಿನ ಕಡೆಯವರು ಬಸ್ತಾದ ಮಾತಿಗೆ, ಅಂದರೆ ಮದುವೆಯ ಜವಳಿ ಯಾವಾಗ ಎಲ್ಲಿ ತೆಗೆಯುವುದು ಎಂದು ಗೊತ್ತು ಮಾಡಲು ಬಂದರು. ಹುಡುಗ, ಅವನ ತಾಯಿ, ಮತ್ತೆ ಆ ಮನೆಯ ಅಳಿಯ, ಹುಡುಗನ ಅಕ್ಕನ ಗಂಡ. ಈ ಅಳಿಯನದು ಸೊಲ್ಲಾಪುರದಲ್ಲಿ ಫೋಟೋ ಸ್ಟುಡಿಯೋ. ತೆಳ್ಳಗಿನ ಮನುಷ್ಯ, ಮರಾಠಿ ಬೆರೆತ ಮಾತು, ಯಾರನ್ನು ನೋಡಿದರೂ ಬೆಳಕು ಎಲ್ಲಿಂದ ಬೀಳುತ್ತಿದೆ ಅಂತ ನೋಡುವ ಹಾಗೆ ನೋಡುತ್ತಿದ್ದ. ಅವ್ವ ಹೋಳಿಗೆ ಮಾಡಿಟ್ಟು ಬಂದು ಪಡಸಾಲೆಯಲ್ಲಿ ನನ್ನ ಎಡಕ್ಕೆ ಕೂತಳು. ಜವಳಿಯ ಮಾತು ಬೇಗ ಮುಗಿಯಿತು. ಆಗ ಅಳಿಯ ತನ್ನ ಚೀಲದಿಂದ ಒಂದು ಡಬ್ಬಿ ತೆಗೆದ.

"ಮುಂಬೈದಿಂದ ತರಿಸೇನಿ. ಹೊಸಾ ಮಾಡೆಲ್. ನೋಡ್ರಿ, ಎಂಥಾ ಮಜಾ ಅದ."

ದುರ್ಬೀನಿನ ಥರದ್ದೇ, ಆದರೆ ದುರ್ಬೀನಿಗಿಂತ ಅಗಲ. ಕೆಂಪು ಪ್ಲಾಸ್ಟಿಕ್ಕು, ಎರಡು ಗಾಜು, ಬಲಕ್ಕೆ ಒಂದು ಹಿಡಿಕೆ. ಒಳಗೆ ಸೆಲ್ಲು ಹಾಕಿದರೆ ಒಂದು ಸಣ್ಣ ಬಲ್ಬು ಹತ್ತುತ್ತಿತ್ತು. ಮೇಲಿನ ಸೀಳಿನಲ್ಲಿ ಕಾಗದದ ಗಾಲಿ ಇಳಿಸಬೇಕು. ಆ ಗಾಲಿಯ ಸುತ್ತ ಉಗುರಿನಷ್ಟು ಅಗಲದ ಬಣ್ಣದ ಫಿಲ್ಮುಗಳು. ಹಿಡಿಕೆ ಒತ್ತಿದರೆ ಕಟಕ್ಕೆಂದು ಚಿತ್ರ ಬದಲಾಗುತ್ತದೆ. ಹಳೆಯವುಗಳಲ್ಲಿ ಚಿತ್ರ ಕಿಟಕಿಯಷ್ಟು ಕಾಣುತ್ತಿತ್ತಂತೆ, ಇದರಲ್ಲಿ ಕಿವಿಯಿಂದ ಕಿವಿಯವರೆಗೆ ಕಾಣುತ್ತದಂತೆ. ಪಕ್ಕದಿಂದ ಬೆಳಕು ಬರಬಾರದು ಅಂತ ಅವನು ಅದಕ್ಕೆ ಸ್ಟುಡಿಯೋದ ಕಪ್ಪು ಬಟ್ಟೆಯ ಮುಸುಕು ಬೇರೆ ಹೊಲಿಸಿದ್ದ. ತಲೆಯ ಮೇಲೆ ಎಳೆದುಕೊಂಡರೆ ಮನುಷ್ಯ ಅರ್ಧ ಮಾಯ.

ಮೊದಲು ಅಪ್ಪ ನೋಡಿದ. ಹೊಲ, ಎತ್ತು, ಮಳೆ ಬಿಟ್ಟು ಮತ್ತೊಂದರ ಬಗ್ಗೆ ಬೆರಗುಪಡದ ಮನುಷ್ಯ ಮುಸುಕಿನೊಳಗಿಂದ, "ಅಯ್ ಶಿವನ" ಅಂದ. ಯಾವುದೋ ಗುಡಿಯ ಒಳಗಿನ ಚಿತ್ರ ಬಂದಿರಬೇಕು, ಬರಿಗಾಲಿನಲ್ಲಿ ಇದ್ದರೂ ಕಾಲು ಹಿಂದಕ್ಕೆ ಎಳೆದುಕೊಂಡ. ಹುಡುಗನ ತಾಯಿ ನೋಡಿದಳು. ಸಮುದ್ರದ ಚಿತ್ರಕ್ಕೆ ಸೀರೆಯ ನೆರಿಗೆ ಎತ್ತಿ ಹಿಡಿದಳು. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಹುಡುಗ ಗಾಳಿಯಲ್ಲಿ ಕೈ ಚಾಚಿ ಏನನ್ನೋ ಹಿಡಿಯಲು ಹೋದ. "ಕೈಗೆ ಸಿಕ್ಕಂಗ ಆಗ್ತದಲ್ರಿ ಮಾಮಾ!" ಅಂದ. ಅವ್ವನಿಗೆ ಕೊಟ್ಟರೆ, "ನಮಗ್ಯಾಕ್ರಿ ಇವೆಲ್ಲಾ," ಅಂತ ಮುಟ್ಟದೆ ಎದ್ದು ಒಲೆ ನೋಡಲು ಹೋದಳು. ಅವಳು ತಿರುಗಿ ಬರುವುದರೊಳಗೆ ಡಬ್ಬಿ ನನ್ನ ಕೈಗೆ ಬಂದಿತ್ತು.

ನಾನು ಮುಸುಕು ಎಳೆದುಕೊಂಡೆ. ಒಳಗೆ ಬಿಸಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಬೇರೆಯವರ ತಲೆಯ ಎಣ್ಣೆಯ ವಾಸನೆ. ಎದುರಿಗೆ ಒಂದು ಹೂದೋಟ. ಬಣ್ಣ ಚೆನ್ನಾಗಿತ್ತು. ಗೋಡೆಗೆ ಹಾಕಿದ ಕ್ಯಾಲೆಂಡರಿನಲ್ಲಿ ಇರುತ್ತದಲ್ಲ, ಅಂಥ ಹೂದೋಟ, ಅದಕ್ಕಿಂತ ಹೊಳಪು, ಅಷ್ಟೇ. ಇದಕ್ಕೆ ಇವರೆಲ್ಲ ಯಾಕೆ ಕೈಕಾಲು ಆಡಿಸಿದರು ಅಂತ ನನಗೆ ತಿಳಿಯಲಿಲ್ಲ. ಹಿಡಿಕೆ ಒತ್ತಿದೆ. ಗುಡಿ ಬಂತು. ಮತ್ತೆ ಒತ್ತಿದೆ. ಹುಲಿ ಬಂತು. ಎಲ್ಲವೂ ತಮ್ಮ ಜಾಗದಲ್ಲಿ ಸುಮ್ಮನೆ ಅಂಟಿಕೊಂಡಿದ್ದವು.

"ಹೆಂಗದ?" ಅಂತ ಅಳಿಯನ ದನಿ.

"ಛಂದ ಅವ್ರಿ."

"ಹುಲಿ ಎಷ್ಟ ಮುಂದ ಬಂದದ? ಕೈ ಮಾಡಿ ತೋರಸ್ರಿ."

"ಮುಂದ ಎಲ್ಲಿ ಬರ್ತದ್ರಿ? ಚಿತ್ರ ಅಲ್ಲೇ ಅದಲ್ಲ," ಅಂದೆ.

ಹುಡುಗನ ತಾಯಿ ನಕ್ಕಳು. ಅದೇ ಹೊತ್ತಿಗೆ ಎಡಗಡೆಯಿಂದ ನನ್ನ ಸೊಂಟಕ್ಕೆ ಒಂದು ಚಿವುಟು ಬಿತ್ತು. ಹುಲಿ ನಿಜವಾಗಿ ಕಚ್ಚಿದ ಹಾಗೆ ಬೆಚ್ಚಿದೆ. ಒಲೆಯ ಮುಂದಿದ್ದ ಅವ್ವ ಯಾವಾಗ ಬಂದು ಕೂತಿದ್ದಳೋ ನನಗೆ ಕಂಡಿರಲಿಲ್ಲ. ಮುಸುಕಿನ ಬಟ್ಟೆಗೆ ಬಾಯಿ ಹಚ್ಚಿ ಉಸಿರಿನಲ್ಲಿ ಹೇಳಿದಳು: "ಕೈ ಚಾಚು. ಮುಂದ ಬಂತು ಅನ್ನು."

ಆ ಕತ್ತಲೆಯಲ್ಲಿ, ಆ ಹುಲಿಯ ಮುಂದೆ, ನನಗೆ ಒಂದು ಸಂಗತಿ ಗೊತ್ತಾಯಿತು. ಅವ್ವ ಡಬ್ಬಿಯೊಳಗೆ ನೋಡಿಲ್ಲ. ಆದರೂ ನನಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅನ್ನುವುದು ಅವಳಿಗೆ ಗೊತ್ತು. ಯಾಕೆ ಗೊತ್ತು ಅಂತ ಯೋಚಿಸಲು ಸಮಯ ಇರಲಿಲ್ಲ. ಕೈ ಚಾಚಿದೆ. "ಹಾಂ, ಬಂತ್ರಿ, ಬಂತು," ಅಂದೆ. ಹುಡುಗನ ಹಾಗೆ ಬೆರಳು ಕೂಡ ಆಡಿಸಿದೆ.

ಅಳಿಯ ನನ್ನ ಕೈಯಲ್ಲಿದ್ದಂತೆಯೇ ಡಬ್ಬಿಯಿಂದ ಗಾಲಿ ಮೇಲೆತ್ತಿದ, ಮತ್ತೊಂದು ಇಳಿಸಿದ. "ಈಗ ಇದನ್ನ ನೋಡ್ರಿ," ಅಂದ. ನೋಡಿದೆ. ಬಲಗಡೆ ಪೂರಾ ಕತ್ತಲು. ಎಡಗಡೆ ಒಂದಿಷ್ಟು ನೀಲಿ, ಅದರ ನಡುವೆ ದೊಡ್ಡದೊಂದು ಬೂದಿ ಬಣ್ಣದ ಕಲೆ. ಸೊಂಟಕ್ಕೆ ಮತ್ತೆ ಚಿವುಟು ಬಿತ್ತು. ನನ್ನ ಓದು, ಹಾಸ್ಟೆಲು, ಟ್ರಂಕು ಎಲ್ಲವೂ ಆ ಬೂದಿ ಕಲೆಯ ಮೇಲೆ ನಿಂತಿವೆ ಅನ್ನಿಸಿತು. ಮೊದಲಿನದಕ್ಕಿಂತ ಹೆಚ್ಚು ಕೈ ಚಾಚಿದೆ.

"ಅಯ್ಯ, ಇದು ಭಾಳ ಮುಂದ ಬಂದದ್ರಿ!"

"ಹೌದೇನು? ಏನದ ಅದು?"

"ಆನಿ," ಅಂದೆ. ನೀಲಿ ನೆನಪಾಗಿ, "ಆನಿ ನೀರಾಗ ನಿಂತದ್ರಿ," ಅಂತ ಸೇರಿಸಿದೆ.

ಅಳಿಯ ಡಬ್ಬಿ ಇಸಿದುಕೊಂಡು ಅತ್ತೆಯ ಕೈಗೆ ಕೊಟ್ಟ. ಆಕೆ ನೋಡಿ, "ಇದು ಹಡಗ ಅಲ್ಲೇನು? ಮುಂದ ಏನೂ ಬರಂಗಿಲ್ಲ, ಚಪ್ಪಟಿ ಅದ," ಅಂದಳು. ಹುಡುಗನೂ ನೋಡಿದ. ಅವನೂ ಹಡಗು ಅಂದ. ಆಗ ಅಳಿಯ ಸ್ಟುಡಿಯೋದಲ್ಲಿ ಗಿರಾಕಿಗೆ ಹೇಳುವ ಹಾಗೆ ತಣ್ಣಗೆ ಹೇಳಿದ. ಒಂದೊಂದು ಚಿತ್ರಕ್ಕೆ ಎರಡು ಫಿಲ್ಮು ಇರುತ್ತವೆ, ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಒಂದು. ಎರಡೂ ಕಣ್ಣು ಕೂಡಿ ನೋಡಿದರೆ ಮಾತ್ರ ಚಿತ್ರ ಎದ್ದು ಮುಂದೆ ಬರುತ್ತದೆ. ಈ ಹಡಗಿನದು ಬಲಗಡೆಯ ಫಿಲ್ಮು ಕಿತ್ತು ಹೋಗಿ ಆ ತೂತಿಗೆ ಕಪ್ಪು ಕಾಗದ ಅಂಟಿಸಿದೆ, ಎಡಗಡೆಯದು ಮಾತ್ರ ಉಳಿದಿದೆ. "ಹುಡುಗಿಗೆ ಎಡಗಣ್ಣ ಕಾಣಂಗಿಲ್ರಿ ಅತ್ತಿ," ಅಂದ.

ಹುಡುಗ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದನ್ನು ಹೇಳಲೇಬೇಕು. "ಹೌದೇನ್ರಿ? ಎಡಗಣ್ಣಿಲೆ ಕಾಣಂಗಿಲ್ಲೇನು?"

"ಎಡಗಣ್ಣಿಲೆ ಯಾರಿಗೂ ಕಾಣಂಗಿಲ್ಲಲ್ರಿ," ಅಂದೆ ನಾನು.

ನನ್ನ ಬದುಕಿನಲ್ಲಿ ಅಷ್ಟು ನಿಜವಾದ ಮಾತನ್ನು ಮತ್ತೆ ಆಡಿಲ್ಲ. ನಾನು ನಂಬಿದ್ದನ್ನೇ ಹೇಳಿದ್ದೆ. ಆದರೆ ಹುಡುಗನ ಮುಖ ಬಿಗಿಯಿತು. ಕೈ ಚಾಚಿದ್ದು ಒಂದು ಸುಳ್ಳು, ಆನೆ ಎರಡನೆಯ ಸುಳ್ಳು, ಇದು ಮೂರನೆಯದು, ಅದೂ ಎದುರಿನವರನ್ನು ಹುಚ್ಚರನ್ನಾಗಿ ಮಾಡುವ ಸುಳ್ಳು ಅಂತ ಅವನು ತಿಳಿದ. ನಾನು ಅವ್ವನ ಕಡೆ ತಿರುಗಿ, "ಹೇಳಬೇ, ಎಲ್ಲಾರದೂ ಹಂಗ ಅಲ್ಲೇನು?" ಅಂದೆ. ಅವ್ವ ನೆಲ ನೋಡುತ್ತಿದ್ದಳು. ಅಪ್ಪ ಒಂದು ಕಣ್ಣು ಕೈಯಿಂದ ಮುಚ್ಚಿಕೊಂಡು, ಆಮೇಲೆ ಇನ್ನೊಂದು ಮುಚ್ಚಿಕೊಂಡು ನೋಡಿದ. ಅವನ ಎರಡೂ ಕಣ್ಣು ಕಾಣುತ್ತಿದ್ದವು ಅಂತ ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು.

ಹುಡುಗನ ತಾಯಿ ಎದ್ದಳು. "ಕಣ್ಣಿಂದು ದೇವರ ಕೊಟ್ಟದ್ದು, ಅದಕ್ಕ ಯಾರೇನ ಮಾಡಾಕಾಗ್ತದ. ಆದ್ರ ಇಷ್ಟ ಸಲೀಸ ಸುಳ್ಳ ಹೇಳೋ ಹುಡುಗಿ ನಮ್ಮ ಮನಿಗೆ ಬ್ಯಾಡ್ರಿ," ಅಂದಳು. ಅಪ್ಪ ಬಾಗಿಲವರೆಗೆ ಹೋಗಿ, "ಊಟರೆ ಮಾಡಿ ಹೋಗ್ರಿ, ಹೋಳಿಗಿ ಆಗ್ಯಾವ," ಅಂತ ಕೈ ಜೋಡಿಸಿದ. ಮಾಡಿದ ಅಡುಗೆ ಬಿಟ್ಟು ಬೀಗರು ಎದ್ದು ಹೋದರೆ ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವರು ಹೋದರು. ಅಳಿಯ ಡಬ್ಬಿಯನ್ನು ಮುಸುಕಿನಲ್ಲೇ ಸುತ್ತಿ ಚೀಲಕ್ಕೆ ಹಾಕಿಕೊಂಡ. ಆ ಮನುಷ್ಯನನ್ನು ನಾನು ಬಹಳ ವರ್ಷ ಬೈದುಕೊಂಡೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ, ನನ್ನ ಕಣ್ಣಿನ ಬಗ್ಗೆ ನನಗೆ ನಿಜ ಹೇಳಿದ ಮೊದಲನೆಯ ಮನುಷ್ಯ ಅವನೇ ಆಗಿದ್ದ. ಅದೂ ಒಂದು ಸಂಕಟವೇ.

ಮರುವಾರ ಅಪ್ಪ ಹಟ ಹಿಡಿದು ನನ್ನನ್ನು ಗುಲಬರ್ಗಾದ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿದ. ಜೊತೆಗೆ ಅವ್ವ. ಡಾಕ್ಟರು ಗಾಜು ಬದಲಿಸಿ ಬದಲಿಸಿ ನೋಡಿ, ಕಣ್ಣು ಕೆಟ್ಟಿಲ್ಲ, ಚಿಕ್ಕಂದಿನಲ್ಲಿ ಅದಕ್ಕೆ ಕೆಲಸ ಕೊಡದೆ ನೋಡುವುದನ್ನೇ ಕಲಿತಿಲ್ಲ ಅಂದರು. "ಐದಾರು ವರ್ಷದಾಕಿ ಇದ್ದಾಗ ಛಲೋ ಕಣ್ಣಿಗೆ ಪಟ್ಟಿ ಕಟ್ಟಿದ್ರ ಇದು ಕಲೀತಿತ್ತು. ಈಗ ಆಗಂಗಿಲ್ಲ. ಆವಾಗ ಯಾರೂ ಹೇಳಲಿಲ್ಲೇನವ್ವಾ?" ಅಂತ ಅವ್ವನನ್ನು ಕೇಳಿದರು.

"ಇಲ್ರಿ," ಅಂದಳು ಅವ್ವ. ಅವಳು ಬಹಳ ಬೇಗ ಹೇಳಿದಳು, ಅದಕ್ಕೇ ನನಗೆ ಅನುಮಾನ ಬಂತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಎಂದಿನಂತೆ ನನ್ನ ಎಡಕ್ಕೆ ಕೂತಳು. ಚೌಡಾಪುರದಲ್ಲಿ ಬಸ್ಸು ನಿಂತು, ಗಾಣಗಾಪುರಕ್ಕೆ ಹೋಗುವವರು ಇಳಿದು, ಒಳಗೆ ಗದ್ದಲ ಕಡಿಮೆಯಾಯಿತು. "ಡಾಕ್ಟರ್ ಮುಂದ ಇಲ್ಲಂದಿ. ನನ್ನ ಮುಂದ ಖರೇ ಹೇಳು," ಅಂದೆ.

ಅವ್ವ ಬಸ್ಸು ಮತ್ತೆ ಹೊರಟ ಮೇಲೆ ಹೇಳಿದಳು. "ನೀ ಐದ ವರ್ಷದಾಕಿ ಇದ್ದಿ. ಸೊಲ್ಲಾಪುರದಾಗ ತೋರಿಸಿದ್ದೆ. ಆರ ತಿಂಗಳ ಛಲೋ ಕಣ್ಣಿಗಿ ಪಟ್ಟಿ ಕಟ್ರಿ ಅಂದಿದ್ರು."

"ಕಟ್ಟಿದಿಯೇನು?"

"ಎಂಟ ದಿನ ಕಟ್ಟಿದೆ. ನಿಮ್ಮಪ್ಪಗ ಕಣ್ಣ ಬಂದಾವ ಅಂತ ಹೇಳಿದ್ದೆ. ಕಂಬಕ್ಕ ಬಡಕೊಂಡು ಅಳತಿದ್ದಿ. ಆದ್ರೂ ಕಟ್ಟಿದೆ."

"ಆಮ್ಯಾಲ?"

"ನಿಮ್ಮಕ್ಕನ್ನ ನೋಡಾಕ ಬಂದ್ರು. ಕಣ್ಣಿಗಿ ಪಟ್ಟಿ ಕಟ್ಟಿದ ತಂಗಿ ಪಡಸಾಲ್ಯಾಗ ಓಡ್ಯಾಡಿದ್ರ ಅಕ್ಕನ್ನ ಯಾರ ಮಾಡ್ಕೋತಾರ? ಮನಿತನದಾಗ ಕಣ್ಣಿನ ದೋಷ ಅದ ಅಂತಾರ. ಲಗ್ನ ಆಗೂತನ ಬ್ಯಾಡ ಅಂದೆ. ಲಗ್ನ ಆದ ಮ್ಯಾಲ ಬೀಗರ ಬರೂದು ಹೋಗೂದು. ಆಮ್ಯಾಲ ನೀನೂ ರೂಢಿ ಮಾಡ್ಕೊಂಡಿ. ಯಾರಿಗೂ ಗೊತ್ತಾಗಂಗಿಲ್ಲ, ಹಿಂಗ ನಡದ ಹೋಗ್ತದ ಅಂದ್ಕೊಂಡೆ. ನಿನಗೂ ಹೇಳಲಿಲ್ಲ. ಗೊತ್ತಿದ್ರ ನೀ ಅಂಜತಿದ್ದಿ, ಅಂಜಿದ್ರ ಸಿಕ್ಕೊಂಡ ಬೀಳತಿದ್ದಿ."

ಅವಳು ಅಳುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಬೇಕಾದರೆ ಪೂರ್ತಿ ಕತ್ತು ತಿರುಗಿಸಬೇಕಾಗಿತ್ತು. ನಾನು ತಿರುಗಿಸಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಕಣ್ಣು ಹೋದದ್ದಕ್ಕಿಂತ ಹೆಚ್ಚಾಗಿ, ನಾನು ಆ ಹುಡುಗನ ಮುಂದೆ ನಿಜ ಹೇಳಿ ಸುಳ್ಳಿ ಅನ್ನಿಸಿಕೊಂಡೆನಲ್ಲ, ಆ ನಿಜವನ್ನೂ ಈಕೆಯೇ ಕಲಿಸಿದ್ದಳಲ್ಲ ಅಂತ.

ಪಂಚಮಿಗೆ ಅಕ್ಕ ಬಂದಳು. ಅವಳ ಗಂಡನದು ಲಾರಿ, ಖಜೂರಿಯಲ್ಲಿ ಮಹಾರಾಷ್ಟ್ರದ ರಸ್ತೆಯ ಮೇಲೆಯೇ ಮನೆ, ಮೂರು ಮಕ್ಕಳು, ಮೈತುಂಬ ಸುಖ. ಒಳಗಿನ ಕೋಣೆಗೆ ಕರೆದು ನನ್ನ ಕೈ ಹಿಡಿದುಕೊಂಡಳು. "ಅವತ್ತ ನಿನ್ನ ಪಟ್ಟಿ ಬಿಚ್ಚಿದಾಕಿ ನಾನ. ಅವ್ವ ಬಿಚ್ಚು ಅಂದ್ಲು, ಬಿಚ್ಚಿದೆ. ಮತ್ತ ಕಟ್ಟು ಅಂತ ನನಗೂ ಹೇಳಾಕ ಆಗಲಿಲ್ಲ. ನನಗ ಅಂಜಿಕಿ ಇತ್ತು."

"ನಿನ್ನ ಲಗ್ನ ಛಲೋ ಆತಲ್ಲ, ಬಿಡು," ಅಂದೆ. ಅದು ಚುಚ್ಚಲಿ ಅಂತಲೇ ಹೇಳಿದ್ದು, ಚುಚ್ಚಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಕೊನೆಗೆ ಮೂಗು ಒರೆಸಿಕೊಂಡು, "ಜೀವ ಇರೂತನ ನಿನ್ನ ಕೈ ಬಿಡಂಗಿಲ್ಲ. ನನ್ನ ಮಕ್ಕಳು ನಿನ್ನ ಮಕ್ಕಳ," ಅಂದಳು. ಆಗ ನನಗೂ ಅಳು ಬಂತು. ಒಡಹುಟ್ಟಿದವಳ ಮೇಲೆ ಎಷ್ಟು ದಿನ ಸಿಟ್ಟು ಹಿಡಿಯುವುದು? ಕೈ ಹಿಡಿಯಲು ನನಗೆ ಬೇರೆ ಯಾರೂ ಇರಲಿಲ್ಲ.

ಮಾತು ಊರೂರು ತಿರುಗಿತು. ಜೇವರ್ಗಿಯಿಂದ ಅಫಜಲಪುರದವರೆಗೆ ನಾನು ಆನೆ ಹುಡುಗಿ ಆದೆ. ಮತ್ತೆ ಯಾರೂ ನೋಡಲು ಬರಲಿಲ್ಲ. ಎರಡು ವರ್ಷ ಕಾದು ಅಪ್ಪ ಒಂದು ದಿನ ಅವನಾಗಿಯೇ ಹೇಳಿದ, "ಗುಲಬರ್ಗಾಕ್ಕ ಹೋಗು. ಓದು." ನಾನು ಬೇಡಿದ್ದು ಸಿಕ್ಕಿತು. ಲಗ್ನವಾಗುವ ಹುಡುಗಿಗೆ ಊರು ಬಿಡಲು ಅಪ್ಪಣೆ ಇರಲಿಲ್ಲ. ಲಗ್ನವೇ ಆಗದ ಹುಡುಗಿ ಎಲ್ಲಿಗೆ ಹೋದರೂ ಆಗುತ್ತಿತ್ತು. ಆ ಹಾಸ್ಟೆಲಿನ ಬಾಗಿಲು ದಾಟುವಾಗ ನನಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಆದರೂ ಚೆನ್ನಾಗಿ ಓದಿದೆ. ಆಳಂದದಲ್ಲಿ ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕಿತು. ಒಂದು ಖೋಲಿ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದೆ. ಖಜೂರಿ ಅಲ್ಲಿಂದ ಬಸ್ಸಿನ ದಾರಿ. ಅಕ್ಕನ ಮಕ್ಕಳು ಶಾಲೆಯ ಸೂಟಿಯಲ್ಲಿ ನನ್ನ ಹತ್ತಿರ ಬಂದು ಇರುತ್ತಿದ್ದರು. ದೊಡ್ಡ ಹುಡುಗಿಗೆ ನಾನೇ ಇಂಗ್ಲಿಷು, ಗಣಿತ ಹೇಳಿಕೊಟ್ಟು ಹತ್ತನೆಯದು ದಾಟಿಸಿದೆ. ನನ್ನನ್ನು ಚಿಕ್ಕವ್ವ ಅನ್ನುವ ಬದಲು ಅವ್ವ ಅಂತ ಕರೆದು ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದಾಳೆ.

ತೊಂಬತ್ತರ ದಶಕದಲ್ಲಿ ಒಂದು ಬೇಸಿಗೆ. ಅವ್ವ ಅತನೂರಿನಿಂದ ಖಜೂರಿಗೆ ಹೋಗುವ ದಾರಿಯಲ್ಲಿ ಆಳಂದದಲ್ಲಿ ಇಳಿದು ನನ್ನ ಖೋಲಿಗೆ ಬಂದಳು. ವಯಸ್ಸಾಗಿತ್ತು, ಬಿಸಿಲಿಗೆ ಮುಖ ಕೆಂಪಗಾಗಿತ್ತು. ನೀರು ಕೊಟ್ಟೆ. ಅಕ್ಕನ ದೊಡ್ಡ ಹುಡುಗಿಯನ್ನು ರವಿವಾರ ನೋಡಲು ಬರುತ್ತಾರೆ, ಒಳ್ಳೆಯ ಮನೆತನ, ಹುಡುಗ ಇಂಜಿನಿಯರ್ ಅಂತ ಹೇಳಿದಳು. ನನಗೆ ಗೊತ್ತಿತ್ತು. ಹುಡುಗಿಗೆ ಅಂತ ತಂದಿಟ್ಟಿದ್ದ ತಿಳಿಹಸಿರು ಸೀರೆ ತೆಗೆದು ತೋರಿಸಿದೆ.

"ಶನಿವಾರನ ಬರ್ತೇನಿ ಅಂತ ಅಕ್ಕಗ ಹೇಳು. ಹುಡುಗಿಗಿ ಸೀರಿ ನಾನ ಉಡಸ್ತೇನಿ," ಅಂದೆ.

ಅವ್ವ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಚು ಸವರುತ್ತ ಕೂತಳು. "ಸೀರಿ ನಾ ಒಯ್ತೇನಿ. ನೀ ಬರೂದ ಬ್ಯಾಡಂತ."

"ಯಾರಂದ್ರು?"

"ನಿಮ್ಮಕ್ಕಾನ ಅಂದಾಳ. ಚಿಕ್ಕವ್ವನ ಕಣ್ಣ ಹಿಂಗ ಅದ ಅಂತ ಅವರಿಗೆ ಗೊತ್ತಾದ್ರ ಮನಿತನದಾಗ ಅದ ಅಂತಾರ. ಹುಡುಗಿ ಕಣ್ಣ ತಗಸಿ ತಗಸಿ ನೋಡ್ತಾರ. ಲಗ್ನ ಆದ ಮ್ಯಾಲ ಎಷ್ಟ ಬೇಕಾದ್ರೂ ಬಾ ಅಂತ ಹೇಳ್ಯಾಳ. ಫೋನ್‌ನಾಗ ಅಳಾಕತ್ತಿದ್ಲು ಪಾಪ."

ಹುಡುಗಿಗೆ ಗೊತ್ತೇ ಅಂತ ಕೇಳಿದೆ. ಗೊತ್ತು ಅಂದಳು ಅವ್ವ. ಅವಳು ಏನಂದಳು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತೆ. ಹಿಂದಿನಿಂದ ಅವ್ವ ಹೇಳಿದಳು, "ಅಲ್ಲಿ ಮಂದಿ ಕೇಳ್ತಾರಲ್ಲ, ಚಿಕ್ಕವ್ವ ಯಾಕ ಬಂದಿಲ್ಲ ಅಂತ. ಸಾಲಿಯೊಳಗ ಸೂಟಿ ಕೊಡಲಿಲ್ಲ ಅಂತ ಹೇಳ್ತೇನಿ."

"ಮೇ ತಿಂಗಳಾಗ ಸಾಲಿ ಎಲ್ಲಿರ್ತದ ಯವ್ವಾ?" ಅಂದೆ. "ಯಾರ ನಂಬ್ತಾರ? ಜ್ವರ ಬಂದಾವ ಅಂತ ಹೇಳು."

ಅವ್ವ ಸೀರೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. "ಹೌದು, ಅದ ಛಲೋ," ಅಂದಳು. "ಎಷ್ಟ ದಿನದಿಂದ ಅಂತ ಹೇಳ್ಲಿ?"

"ಮೂರ ದಿನದಿಂದ," ಅಂದೆ.